ಕತ್ತಿನ ರಕ್ತನಾಳದ ತಡೆ: ಶಸ್ತ್ರಚಿಕಿತ್ಸೆಯೋ, ಸ್ಟೆಂಟೋ?

ರೋಗಿಯ ಮಗಳು: ನಮ್ಮ ತಂದೆಯವರಿಗೆ 76 ವರ್ಷ. ಕಳೆದ ವಾರ ಅವರ ಬಲಗೈ ಕೆಲವು ನಿಮಿಷ ಸ್ವಾಧೀನ ತಪ್ಪಿ, ಮಾತು ತೊದಲಿ, ಮತ್ತೆ ಸರಿಹೋಯಿತು. ಕತ್ತಿನ ಮೂಲಕ ಮಿದುಳಿಗೆ ರಕ್ತ ಒಯ್ಯುವ ಎಡಗಡೆಯ ಕ್ಯಾರೋಟಿಡ್ ರಕ್ತನಾಳ ಶೇ. 80ರಷ್ಟು ಕಟ್ಟಿಕೊಂಡಿದೆ. ಒಬ್ಬ ವೈದ್ಯರು ನಾಳವನ್ನು ಒಳಗಿನಿಂದ ಅಗಲಿಸಿ ಹಿಡಿಯುವ ಜಾಲರಿ ಕೊಳವೆ, ಅಂದರೆ ಸ್ಟೆಂಟ್ ಸಾಕೆಂದರು, ಇನ್ನೊಬ್ಬರು ಶಸ್ತ್ರಚಿಕಿತ್ಸೆಯೇ ಆಗಬೇಕೆಂದರು. ಕತ್ತು ಕೊಯ್ಯದೆ ಆಗುವುದಾದರೆ ಅದೇ ಒಳ್ಳೆಯದಲ್ಲವೇ?

ನರರೋಗ ವೈದ್ಯ: ಕೊಯ್ಯುವುದಿಲ್ಲ ಎಂದ ಮಾತ್ರಕ್ಕೆ ಅಪಾಯ ಕಡಿಮೆಯಾಗುವುದಿಲ್ಲ, ಮೇಡಂ. ಸ್ಟೆಂಟ್ ಇಡಲು ತೊಡೆಯಿಂದ ಏರಿಸುವ ತಂತಿ, ಹೃದಯದಿಂದ ಹೊರಡುವ ಮಹಾಪಧಮನಿಯ ಕಮಾನನ್ನು ಹಾದುಹೋಗಬೇಕು. ವಯಸ್ಸಾದವರಲ್ಲಿ ಆ ಕಮಾನು ಗಡುಸಾಗಿ ಸೊಟ್ಟಗಾಗಿರುವುದರಿಂದ, ಅಲ್ಲಿಂದ ಚೂರುಗಳು ಕಳಚಿ ಮಿದುಳು ಸೇರಬಹುದು. 2,502 ಜನರ ಮೇಲೆ ನಡೆದು 2010ರಲ್ಲಿ ಪ್ರಕಟವಾದ, ಈ ಎರಡು ಚಿಕಿತ್ಸೆಗಳನ್ನು ಹೋಲಿಸಿದ ಕ್ರೆಸ್ಟ್ ಅಧ್ಯಯನದಲ್ಲಿ, ಚಿಕಿತ್ಸೆಯ ಆಸುಪಾಸಿನ ದಿನಗಳಲ್ಲಿ ಪಾರ್ಶ್ವವಾಯುವಾದವರು ಸ್ಟೆಂಟ್ ಗುಂಪಿನಲ್ಲಿ ಶೇ. 4.1, ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇ. 2.3. ಸುಮಾರು 70 ದಾಟಿದವರಲ್ಲಿ ಶಸ್ತ್ರಚಿಕಿತ್ಸೆಯ ಫಲಿತಾಂಶವೇ ಮೇಲಾಗಿತ್ತು.

ಹೃದ್ರೋಗ ವೈದ್ಯೆ: ಅದೇ ಅಧ್ಯಯನದಲ್ಲಿ ಹೃದಯಾಘಾತವಾದದ್ದು ಸ್ಟೆಂಟ್‌ನವರಲ್ಲಿ ಶೇ. 1.1, ಶಸ್ತ್ರಚಿಕಿತ್ಸೆಯವರಲ್ಲಿ ಶೇ. 2.3 ಎಂಬುದನ್ನೂ ಹೇಳಬೇಕು ಸರ್. ಹೃದಯ ತೀರಾ ದುರ್ಬಲವಾಗಿರುವವರಿಗೆ, ಕತ್ತಿಗೆ ಹಿಂದೆ ವಿಕಿರಣ ಚಿಕಿತ್ಸೆ ಆಗಿರುವವರಿಗೆ ನಾನು ಸ್ಟೆಂಟನ್ನೇ ಸೂಚಿಸುತ್ತೇನೆ.

ರಕ್ತನಾಳ ಶಸ್ತ್ರಚಿಕಿತ್ಸಕ: ಅಂಥವರ ವಿಷಯದಲ್ಲಿ ನನ್ನ ತಕರಾರಿಲ್ಲ. ಆದರೆ ಪಾರ್ಶ್ವವಾಯು, ಹೃದಯಾಘಾತ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದನ್ನು ನಾನು ಒಪ್ಪಲಾರೆ. ಆ ಅಧ್ಯಯನದಲ್ಲಿ ಒಂದು ವರ್ಷದ ಬಳಿಕ ರೋಗಿಗಳ ಬದುಕನ್ನು ಹೆಚ್ಚು ಕುಗ್ಗಿಸಿದ್ದು ಪಾರ್ಶ್ವವಾಯುವೇ. ಶಸ್ತ್ರಚಿಕಿತ್ಸೆಯಲ್ಲೂ ಎರಡು ಬಗೆಗಳಿವೆ. ಒಂದರಲ್ಲಿ ನಾಳವನ್ನು ಉದ್ದಕ್ಕೆ ಸೀಳಿ, ಗಟ್ಟಿಯಾದ ಕೊಬ್ಬಿನ ಪದರವನ್ನು ಬಿಡಿಸಿ, ಪ್ಯಾಚ್ (ತೇಪೆ) ಇಟ್ಟು ಹೊಲಿಯುತ್ತೇವೆ. ಇನ್ನೊಂದರಲ್ಲಿ ಮಿದುಳಿಗೆ ಹೋಗುವ ಕವಲಾದ ಒಳ ಕ್ಯಾರೋಟಿಡನ್ನು ಬುಡದಲ್ಲೇ ಕತ್ತರಿಸಿ, ಅಂಗಿಯ ತೋಳಿನಂತೆ ಒಳಮೈ ಹೊರಗೆ ಮಗುಚಿ ಪದರ ತೆಗೆದು ಮರುಜೋಡಿಸುತ್ತೇವೆ. ಇದಕ್ಕೆ ಪ್ಯಾಚ್ ಬೇಡ, ಆದರೆ ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಮಿದುಳಿಗೆ ರಕ್ತ ಹರಿಸುವ ತಾತ್ಕಾಲಿಕ ಕೊಳವೆ (ಶಂಟ್) ಇಡುವುದು ಕಷ್ಟ. ಮೊದಲ ಬಗೆಯಲ್ಲಿ ಪ್ಯಾಚ್ ಇಲ್ಲದೆ ಬರೀ ಹೊಲಿದು ಮುಚ್ಚಿದರೆ ಮತ್ತೆ ಕಿರಿದಾಗುವ ಸಂಭವ ಹೆಚ್ಚು.

ರೋಗಿಯ ಮಗಳು: ಈ ವಯಸ್ಸಿನಲ್ಲಿ ಪೂರ್ತಿ ಪ್ರಜ್ಞೆ ತಪ್ಪಿಸಿದರೆ ತಡೆದುಕೊಳ್ಳುವರೇ ಎಂಬುದೇ ನಮ್ಮ ಭಯ.

ಅರಿವಳಿಕೆ ವೈದ್ಯೆ: ಕತ್ತನ್ನು ಮಾತ್ರ ಮರಗಟ್ಟಿಸಿಯೂ ಮಾಡಬಹುದು, ರೋಗಿಯನ್ನು ಮಾತಾಡಿಸುತ್ತಾ, ಕೈ ಹಿಸುಕಿಸುತ್ತಾ ಮಿದುಳಿಗೆ ರಕ್ತ ಸಾಲುತ್ತಿದೆಯೇ ಎಂದು ನೋಡುತ್ತೇವೆ. 3,526 ರೋಗಿಗಳನ್ನು ಹೋಲಿಸಿದ ಗಾಲಾ ಅಧ್ಯಯನದಲ್ಲಿ, ಪೂರ್ತಿ ಪ್ರಜ್ಞೆ ತಪ್ಪಿಸುವುದು, ಕತ್ತು ಮಾತ್ರ ಮರಗಟ್ಟಿಸುವುದು ಈ ಎರಡು ವಿಧಾನಗಳ ಫಲಿತಾಂಶಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ರಕ್ತನಾಳ ಶಸ್ತ್ರಚಿಕಿತ್ಸಕ: ಮೇಡಂ, ಮೊದಲ ಲಕ್ಷಣ ಕಂಡ ಎರಡು ವಾರದೊಳಗೆ ಮಾಡಿದರೆ ಶಸ್ತ್ರಚಿಕಿತ್ಸೆಯ ಲಾಭ ಅತಿ ಹೆಚ್ಚು, ಮತ್ತು ನಿಮ್ಮಲ್ಲಿ ಒಂದು ವಾರ ಆಗಲೇ ಕಳೆದಿದೆ. ನಾಳೆಯೇ ಶಸ್ತ್ರಚಿಕಿತ್ಸಕರನ್ನು ಕಂಡು, ಅವರ ಕೈಯಲ್ಲಿ ಪಾರ್ಶ್ವವಾಯು ಅಥವಾ ಸಾವಿನ ಪ್ರಮಾಣ ಶೇ. 6ಕ್ಕಿಂತ ಕಡಿಮೆ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಿರಿ.