ಕಣ್ಣ ಮುಂದೆ ಕಪ್ಪು ಎಳೆ ತೇಲುತ್ತೆ, ಡ್ರಾಪ್ಸ್ ಇದೆಯಾ ಮೇಡಂ?

ಪ್ರಶ್ನೆ: ವಯಸ್ಸು 56, ಮೈನಸ್ 5 ಕನ್ನಡಕ. ಒಂದು ವಾರದಿಂದ ಬಲಗಣ್ಣಲ್ಲಿ ಕೂದಲೆಳೆ ಥರ ಏನೋ ತೇಲುತ್ತೆ. ಕತ್ತಲಲ್ಲಿ ಕಣ್ಣು ತಿರುಗಿಸಿದರೆ ಪಕ್ಕದಲ್ಲಿ ಮಿಂಚು ಹೊಡೆದ ಹಾಗಾಗುತ್ತೆ. ಕನ್ನಡಕದಂಗಡಿಯಲ್ಲಿ ಟೆಸ್ಟ್ ಮಾಡಿಸಿದೆ, ನಂಬರ್ ಬದಲಾಗಿಲ್ಲ ಅಂದರು. ಯಾವ ಡ್ರಾಪ್ಸ್ ಹಾಕಲಿ?

ಉತ್ತರ (ರೆಟಿನಾ ತಜ್ಞೆ): ಡ್ರಾಪ್ಸ್ ಮಾತು ಆಮೇಲೆ. ಇವತ್ತೇ, ತಪ್ಪಿದರೆ ನಾಳೆ, ಪಾಪೆ ಹಿಗ್ಗಿಸಿ ರೆಟಿನಾ (ಕಣ್ಣಿನ ಹಿಂಬದಿಯಲ್ಲಿ ಬೆಳಕು ಗ್ರಹಿಸುವ ಪದರ) ನೋಡಿಸಿಕೊಳ್ಳಿ. ರೆಟಿನಾ ಹರಿದಿದ್ದರೆ, ಅಂದರೆ ಸೀಳಿದ್ದರೆ, ನಂಬರ್ ಟೆಸ್ಟ್‌ನಲ್ಲಿ ಗೊತ್ತಾಗೋದಿಲ್ಲ. ರೆಟಿನಾ ಹರಿಯುವುದು ಸಾಮಾನ್ಯವಾಗಿ ಅಂಚಿನಲ್ಲಿ. ಆಗಲೂ ಚಾರ್ಟಿನ ಕೊನೇ ಸಾಲು ಓದಬಹುದು.

ಕಣ್ಣೊಳಗೆ ಸುಮಾರು 4 ಮಿಲಿ ಲೋಳೆ ಇರುತ್ತೆ, ಹೆಸರು ವಿಟ್ರಿಯಸ್. ಬಹುಪಾಲು ನೀರು, ಜೊತೆಗೆ ಕೊಲಾಜೆನ್ ನಾರು. ವಯಸ್ಸಾದಂತೆ ಲೋಳೆ ನೀರಾಗಿ ನಾರು ಗಂಟು ಕಟ್ಟುತ್ತೆ. ನಿಮಗೆ ಕಾಣುವುದು ಆ ಗಂಟಿನ ನೆರಳು. ಮುಂದೆ ಲೋಳೆ ರೆಟಿನಾದಿಂದ ಬಿಡಿಸಿಕೊಳ್ಳುವಾಗ ಎಳೆತಕ್ಕೆ ಮಿಂಚು ಕಾಣುತ್ತೆ. ಹೆಚ್ಚಿನವರಿಗೆ ತೊಂದರೆಯಿಲ್ಲದೆ ಬಿಟ್ಟುಕೊಳ್ಳುತ್ತೆ, ಗಟ್ಟಿಯಾಗಿ ಅಂಟಿದ್ದಲ್ಲಿ ಮಾತ್ರ ರೆಟಿನಾವನ್ನೇ ಹರಿಯುತ್ತೆ. ಮೈನಸ್ ನಂಬರ್ ಇದ್ದವರಿಗೆ ಈ ಅಪಾಯ ಜಾಸ್ತಿ.

ಹರಿದದ್ದು ಬೇಗ ಸಿಕ್ಕರೆ ಸುತ್ತಲೂ ಲೇಸರ್ ಹಾಕಿ ಅದೇ ದಿನ ಮನೆಗೆ ಕಳಿಸುತ್ತಾರೆ. ಬಿಟ್ಟರೆ ನೀರು ಒಳಸೇರಿ ರೆಟಿನಾ ಕಳಚುತ್ತೆ, ಆಗ ಆಪರೇಷನ್ನೇ ಗತಿ. ಪಾಪೆ ಹಿಗ್ಗಿಸಿದ ಮೇಲೆ 4ರಿಂದ 6 ಗಂಟೆ ಮಂಜು ಮಂಜು. ಗಾಡಿ ಓಡಿಸಬೇಡಿ, ಜೊತೆಗೆ ಯಾರನ್ನಾದರೂ ಕರೆದೊಯ್ಯಿರಿ.

ಪ್ರಶ್ನೆ: ನೋಡಿಸಿದೆ ಮೇಡಂ, ಹರಿದಿಲ್ಲವಂತೆ. ಆದರೆ ದಿನವಿಡೀ ಕಂಪ್ಯೂಟರಲ್ಲಿ ಲೆಕ್ಕ ನೋಡುವ ಕೆಲಸ, ಎಳೆ ಅಡ್ಡ ಬಂದು ತಲೆ ಕೆಡುತ್ತೆ.

ಉತ್ತರ: ಒಳ್ಳೆಯದಾಯ್ತು. 4ರಿಂದ 6 ವಾರ ಬಿಟ್ಟು ಇನ್ನೊಮ್ಮೆ ನೋಡಿಸಿ, ತಡವಾಗಿ ಹರಿಯುವುದೂ ಉಂಟು.

ಬಿಳಿ ಹಿನ್ನೆಲೆ, ಜೋರು ಬೆಳಕಿನಲ್ಲಿ ಎಳೆ ಎದ್ದು ಕಾಣುತ್ತೆ. ಸ್ಕ್ರೀನ್ ಹಿನ್ನೆಲೆ ಕಪ್ಪಾಗಿಸಿ, ಬ್ರೈಟ್‌ನೆಸ್ ಇಳಿಸಿ. ಬಿಸಿಲಿಗೆ ಕೂಲಿಂಗ್ ಗ್ಲಾಸ್. ಓದುವಾಗ ಅಡ್ಡ ಬಂದರೆ ಕಣ್ಣನ್ನು ಎರಡು ಸಲ ಮೇಲೆ ಕೆಳಗೆ ಆಡಿಸಿ, ಲೋಳೆ ಅಲುಗಾಡಿ ಎಳೆ ಪಕ್ಕಕ್ಕೆ ಸರಿಯುತ್ತೆ. ಬೇಕೆಂದೇ ಹುಡುಕುತ್ತಾ ಕೂರಬೇಡಿ. ಕೆಲವು ತಿಂಗಳಲ್ಲಿ ಮಿದುಳು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ಬಿಡುತ್ತೆ.

ಇದನ್ನು ಕರಗಿಸುವ ಡ್ರಾಪ್ಸ್ ಇಲ್ಲ, ಜೇನುತುಪ್ಪವನ್ನಂತೂ ಕಣ್ಣಿಗೆ ಬಿಡಬೇಡಿ. ಲೋಳೆ ತೆಗೆಯುವ ವಿಟ್ರೆಕ್ಟಮಿ ಇದೆ, ಆದರೆ ಅದರಿಂದ ಪೊರೆ ಬೇಗ ಬರಬಹುದು, ರೆಟಿನಾ ಕಳಚಬಹುದು, ಸೋಂಕೂ ಆಗಬಹುದು. ಕೆಲಸವೇ ನಿಲ್ಲುವಷ್ಟು ತೊಂದರೆಯಾದವರಿಗೆ ಮಾತ್ರ ಅದು ಸರಿ ಅನ್ನುವುದು ನನ್ನ ಅಭಿಪ್ರಾಯ.

ಆಗಾಗ ಒಂದೊಂದೇ ಕಣ್ಣು ಮುಚ್ಚಿ ನೋಡಿಕೊಳ್ಳಿ. ಒಮ್ಮೆಲೇ ಮಸಿ ಎರಚಿದಂತೆ ಚುಕ್ಕೆ ಬಂದರೆ, ಮಿಂಚು ಹೆಚ್ಚಿದರೆ, ಒಂದು ಬದಿಯಿಂದ ಪರದೆ ಇಳಿದಂತಾದರೆ ಅವತ್ತೇ ಹೊರಡಿ.

ಪ್ರಶ್ನೆ: ಅಮ್ಮನಿಗೆ ಶುಗರ್ ಇದೆ. ಬೆಳಗ್ಗೆಯಿಂದ ಎಡಗಣ್ಣಿಗೆ ಹೊಗೆ ಕವಿದ ಹಾಗಿದೆಯಂತೆ. ಇದೂ ಅದೇನಾ?

ಉತ್ತರ: ಇದು ಬೇರೆ. ಕಣ್ಣೊಳಗೆ ರಕ್ತ ಸೋರಿರಬಹುದು. ರಕ್ತ ಅಡ್ಡಬಂದು ರೆಟಿನಾ ಕಾಣದಿದ್ದರೆ ಬಿ-ಸ್ಕ್ಯಾನ್ (ಕಣ್ಣಿನ ಅಲ್ಟ್ರಾಸೌಂಡ್) ಮಾಡುತ್ತಾರೆ. ನಾಳೆಗೆ ಬಿಡದೆ ಇವತ್ತೇ ಕರೆದೊಯ್ಯಿರಿ. ಅಲ್ಲಿಯವರೆಗೆ ತಲೆ ಕೆಳಗಿಟ್ಟು ಮಲಗಿಸಬೇಡಿ, ದಿಂಬು ಎತ್ತರಿಸಿ. ಶುಗರ್, ಬಿಪಿ ಮಾತ್ರೆ ತಾವಾಗಿ ನಿಲ್ಲಿಸಬಾರದು. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಿದ್ದರೆ ಚೀಟಿ ಜೊತೆಗಿರಲಿ.