ಅಪ್‌ಡೇಟ್: ನಾಟಕದ ಬ್ಲಾಗಿಗೆ ಕೊನೆಗೂ ಫ್ರೀ ಥೀಮನ್ನೇ ಹಾಕಿದೆ

ಮುಂಬೈ ಸುತ್ತಮುತ್ತ ಮಾಟುಂಗಾ, ಡೊಂಬಿವಲಿ ಕಡೆ ಆಗುವ ಕನ್ನಡ ನಾಟಕಗಳ ಬಗ್ಗೆ ಬರೆಯುವ ನನ್ನ ವರ್ಡ್‌ಪ್ರೆಸ್ ಬ್ಲಾಗಿಗೆ ಫ್ರೀ ಥೀಮ್ (ಬ್ಲಾಗಿನ ರೂಪ ನಿರ್ಧರಿಸುವ ಸಿದ್ಧ ವಿನ್ಯಾಸ) ಸಾಕಾ, ದುಡ್ಡು ಕೊಟ್ಟು ತಗೊಳ್ಳಬೇಕಾ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್. ಟ್ವೆಂಟಿ ಟ್ವೆಂಟಿ-ಫೋರ್ ಹಾಕಿದ್ದೇನೆ, ಫ್ರೀ.

ದುಡ್ಡಿನ ಥೀಮ್‌ಗಳ ಡೆಮೊ ಚೆನ್ನಾಗಿಯೇ ಇದ್ದವು. ಆದರೆ ಅಲ್ಲಿರುವುದೆಲ್ಲ ಇಂಗ್ಲಿಷ್, ಕನ್ನಡ ಹೇಗೆ ಕಾಣುತ್ತದೆ ಅಂತ ಗೊತ್ತಾಗುವುದಿಲ್ಲ, ಅಲ್ವಾ? ಒಬ್ಬರು ಹೇಳಿದಂತೆ 'ರಾಷ್ಟ್ರ', 'ಸ್ವಾತಂತ್ರ್ಯ' ಇರುವ ಉದ್ದದ ತಲೆಬರಹವನ್ನು ನಾನು ಹಾಕಿದ ಫ್ರೀ ಥೀಮಿನಲ್ಲೇ ಹಾಕಿ ನೋಡಿದೆ. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತಿತ್ತು. ಸ್ಟೈಲ್ಸ್‌ಗೆ ಹೋಗಿ ಲೈನ್ ಹೈಟ್ (ಸಾಲುಗಳ ನಡುವಿನ ಅಂತರ) ಹೆಚ್ಚಿಸಿದೆ, ಸರಿಹೋಯಿತು. ಹೀಗೆ ಮಾಡಿದ ಬದಲಾವಣೆ ಡೇಟಾಬೇಸಿನಲ್ಲಿ ಉಳಿಯುತ್ತದೆ. ಥೀಮ್ ಅಪ್‌ಡೇಟ್ ಆದರೂ ಹೋಗುವುದಿಲ್ಲ.

ಫಾಂಟಿಗೂ ದುಡ್ಡು ಬೇಕಾಗಲಿಲ್ಲ. 2024ರಲ್ಲಿ ಬಂದ ವರ್ಡ್‌ಪ್ರೆಸ್ 6.5ರಿಂದ ಬೇಕಾದ ಫಾಂಟ್ ಸೇರಿಸಿಕೊಳ್ಳುವ ಫಾಂಟ್ ಲೈಬ್ರರಿ ಒಳಗೇ ಇದೆ. ಬರಹಕ್ಕೆ ನೋಟೊ ಸಾನ್ಸ್ ಕನ್ನಡ, ತಲೆಬರಹಕ್ಕೆ ಬಾಲೂ ತಮ್ಮ. ಬಾಲೂ ಮಾಡಿದ್ದು ಇಲ್ಲೇ ಮುಂಬೈಯ ಏಕ್ ಟೈಪ್ ತಂಡ. ನನಗಂತೂ ಅದೇ ಜಾಸ್ತಿ ಖುಷಿ.

ಪೇಯ್ಡ್ ಥೀಮೇ ಬೇಕು ಅನ್ನುವವರು ಲೈಸೆನ್ಸ್ ಒಂದೇ ಸಲಕ್ಕಾ, ವರ್ಷ ವರ್ಷಕ್ಕಾ ನೋಡಿಕೊಳ್ಳಿ. ಎಷ್ಟೋ ಕಡೆ ವರ್ಷ ಮುಗಿದ ಮೇಲೆ ಥೀಮ್ ನಡೆಯುತ್ತದೆ, ಅಪ್‌ಡೇಟ್ ಮತ್ತು ಸಪೋರ್ಟ್ ನಿಲ್ಲುತ್ತವೆ. ಪೇಯ್ಡ್ ಥೀಮನ್ನೇ ಪುಕ್ಕಟೆ ಕೊಡುವ 'ನಲ್ಡ್' ಪ್ರತಿ ಮಾತ್ರ ಬೇಡವೇ ಬೇಡ. ಅದರಲ್ಲಿ ಮಾಲ್‌ವೇರ್ ಸೇರಿಸಿರುವುದು ಮಾಮೂಲಿ.

ಪ್ರದರ್ಶನಗಳ ತಾರೀಕು ತೋರಿಸುವ ಕ್ಯಾಲೆಂಡರ್ ಇನ್ನೂ ಆಗಬೇಕು. ಅದಕ್ಕೆ ಪೇಯ್ಡ್ ಥೀಮ್ ಬೇಡ, ಪ್ಲಗಿನ್ (ಬ್ಲಾಗಿಗೆ ಹೊಸ ಸೌಲಭ್ಯ ಸೇರಿಸುವ ಪುಟ್ಟ ಸಾಫ್ಟ್‌ವೇರ್) ಸಾಕು ಅಂದಿದ್ದೀರಿ. ಕನ್ನಡದಲ್ಲಿ ತಿಂಗಳ ಹೆಸರು ತೋರಿಸುವಂಥದ್ದು ಯಾರಾದರೂ ಬಳಸುತ್ತಿದ್ದರೆ ದಯವಿಟ್ಟು ಹೇಳಿ.