ಎಲ್ಲರ ಪಾಸ್‌ವರ್ಡ್ ಬದಲಿಸಿದರೂ ಲಾಗಿನ್ ಆಗುತ್ತಿಲ್ಲ, ದಯವಿಟ್ಟು ಬೇಗ ಉತ್ತರಿಸಿ

ಸೋಮವಾರದ_ಸಂಕಟ
ಬೆಳಿಗ್ಗೆ ಒಂಬತ್ತೂವರೆಯಿಂದ ಕುರ್ಚಿ ಬಿಟ್ಟು ಎದ್ದಿಲ್ಲ. ನಮ್ಮ ರಜೆ ಪೋರ್ಟಲ್ ಯಾರನ್ನೂ ಒಳಗೆ ಬಿಡುತ್ತಿಲ್ಲ. ಪಾಸ್‌ವರ್ಡ್ ಕೇಳುತ್ತದೆ, ಮೊಬೈಲ್‌ನಲ್ಲಿ ಒಪ್ಪಿಗೆ ಕೇಳುತ್ತದೆ, ಒಪ್ಪಿದ ಮೇಲೆ ನಮ್ಮ ಪುಟಕ್ಕೆ ಬಂದು 401, ಅಂದರೆ ಗುರುತು ಒಪ್ಪಲಿಲ್ಲ, ಎಂದು ನಿಂತುಬಿಡುತ್ತದೆ. 120 ಜನರ ಪಾಸ್‌ವರ್ಡ್ ರೀಸೆಟ್ ಮಾಡಿದೆ. ಸರ್ವರನ್ನು ಎರಡು ಸಲ ರೀಸ್ಟಾರ್ಟ್ ಮಾಡಿದೆ. ನಾನು ಏನನ್ನೂ ಬದಲಿಸಿಲ್ಲ. ಶುಕ್ರವಾರ ಸರಿಯಾಗಿಯೇ ಇತ್ತು. ಎಚ್‌ಆರ್ ಮೇಡಂ ಮೂರನೆಯ ಸಲ ಬಂದು ಹೋದರು.

ಎನ್‌ಟಿಪಿ_ಭಟ್ಟ
ಗಡಿಯಾರ. ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ. ಸರ್ವರಿನ ಸಮಯ ತಪ್ಪಿದರೆ ಟೋಕನ್, ಅಂದರೆ ಲಾಗಿನ್ ಆದವರಿಗೆ ಸಿಗುವ ಸಹಿ ಬಿದ್ದ ಡಿಜಿಟಲ್ ಚೀಟಿ, ಒಪ್ಪುವುದಿಲ್ಲ. ವಿಂಡೋಸ್‌ನಲ್ಲಿ ಸಮಯ ಪರೀಕ್ಷಿಸುವ ಡಬ್ಲ್ಯು32ಟಿಎಂ ಓಡಿಸಿ ನೋಡಿ.

ಹಳೆಯ_ಸರ್ವರ್
ಯಾವ ಲಾಗಿನ್ ಸೇವೆ ಎಂದೇ ಬರೆದಿಲ್ಲವಲ್ಲ ಸ್ವಾಮಿ. ಎಂಟ್ರಾ? ಕಾಗ್ನಿಟೊ? ಕೀಕ್ಲೋಕ್? ಲಾಗ್ ಏನು ಹೇಳುತ್ತದೆ?

ಸೋಮವಾರದ_ಸಂಕಟ
ಮೈಕ್ರೋಸಾಫ್ಟ್‌ನ ಎಂಟ್ರಾ ಐಡಿ, ಮತ್ತೇನು? ಪೋರ್ಟಲ್ ಬರೆದಿರುವುದು ಮೈಕ್ರೋಸಾಫ್ಟ್‌ನದೇ ಡಾಟ್‌ನೆಟ್‌ನಲ್ಲಿ. ಲಾಗ್‌ನಲ್ಲಿ ಐಡಿಎಕ್ಸ್10501, ಸಹಿ ಪರಿಶೀಲನೆ ವಿಫಲ. ಟೋಕನ್ನನ್ನೇ ಹಾಕುತ್ತಿದ್ದೇನೆ, ನೀವೇ ನೋಡಿ:
[ನಿರ್ವಾಹಕರು ಅಳಿಸಿದ್ದಾರೆ]

ನಿರ್ವಾಹಕ
ಇಡೀ ಟೋಕನ್ ಅಂಟಿಸಬೇಡಿ. ಅದರ ಆಯುಸ್ಸು 60ರಿಂದ 90 ನಿಮಿಷ. ಪಾಸ್‌ವರ್ಡ್ ಬದಲಿಸಿದ ಮಾತ್ರಕ್ಕೆ ಸಾಯುವುದಿಲ್ಲ.

ಬೀಗದ_ಕೈ
ಅವರ ಪೋರ್ಟಲೇ ಒಪ್ಪದ ಟೋಕನ್ ಕದ್ದು ಯಾರು ಏನು ಮಾಡಿಯಾರು?

ನಿರ್ವಾಹಕ
ಹೆಸರು, ಇಮೇಲ್ ಎಲ್ಲ ಅದರೊಳಗೆ ಬಿಚ್ಚಿಯೇ ಇರುತ್ತದೆ. ಅದನ್ನು ಬರೆದಿರುವ ಬೇಸ್64 ಗೂಢಲಿಪಿಯಲ್ಲ. ಮೊದಲ ಚುಕ್ಕಿಯವರೆಗಿನ ತುಂಡು ಸಾಕು.

ಎನ್‌ಟಿಪಿ_ಭಟ್ಟ
ಗಡಿಯಾರ ನೋಡಿದಿರಾ? ನಮ್ಮ ಕಚೇರಿಯಲ್ಲಿ ಮದರ್‌ಬೋರ್ಡಿನ ಬ್ಯಾಟರಿ ಸತ್ತು ಇದೇ ಆಗಿತ್ತು.

ಹಳೆಯ_ಸರ್ವರ್
ಭಟ್ಟರೇ, ಸಮಯದ ತಪ್ಪಾಗಿದ್ದರೆ 10222 ಅಥವಾ 10223 ಬರುತ್ತಿತ್ತು. ಅದೂ 5 ನಿಮಿಷದ ವ್ಯತ್ಯಾಸವನ್ನು ಡಾಟ್‌ನೆಟ್ ತಾನಾಗಿಯೇ ಸಹಿಸಿಕೊಳ್ಳುತ್ತದೆ. ಇದು ಸಹಿಯ ಜಗಳ.

ಎನ್‌ಟಿಪಿ_ಭಟ್ಟ
ನೋಡುವುದರಲ್ಲಿ ನಷ್ಟವೇನು?

ಎರಡು_ಯೂಬಿಕೀ
ಪಾಸ್‌ವರ್ಡ್ ಎಂಬುದನ್ನೇ ನಾನು ಬಿಟ್ಟು ಎರಡು ವರ್ಷವಾಯಿತು. ಮನೆಯಲ್ಲಿ ರಾಸ್ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೇಲೆ ಕೀಕ್ಲೋಕ್. ಲಾಗಿನ್‌ಗೆ ಬಳಸುವ ಭದ್ರತಾ ಕೀಲಿ, ಯೂಬಿಕೀ, ಒಂದು ಜೇಬಿನಲ್ಲಿ, ಇನ್ನೊಂದು ಗೋದ್ರೇಜ್ ಬೀರುವಿನಲ್ಲಿ ಹೆಂಡತಿಯ ಬಳೆಗಳ ಜೊತೆ. ವೈಫೈಗೂ ಪ್ರಮಾಣಪತ್ರವೇ.

ಬೀಗದ_ಕೈ
ನಮ್ಮಲ್ಲಿ 45 ದಿನಕ್ಕೊಮ್ಮೆ ಪಾಸ್‌ವರ್ಡ್ ಬದಲಿಸಲೇಬೇಕು. ಶಿಸ್ತು ಎಂದರೆ ಅದು.

ಹಳೆಯ_ಸರ್ವರ್
ಹಾಗಾದರೆ ಪ್ರತಿಯೊಬ್ಬರ ಪಾಸ್‌ವರ್ಡ್ ಕೊನೆಯಲ್ಲಿ ಒಂದು ಅಂಕಿ ಏರುತ್ತಾ ಹೋಗುತ್ತಿರುತ್ತದೆ. ಸೋರಿಕೆಯ ಸುಳಿವಿಲ್ಲದೆ ಗಡುವು ಹಾಕಿ ಬದಲಿಸಬೇಡಿ ಎಂದು ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2017ರಲ್ಲೇ ಹೇಳಿತು. ವಿಂಡೋಸ್ ಭದ್ರತಾ ಶಿಫಾರಸಿನಿಂದ ಮೈಕ್ರೋಸಾಫ್ಟ್ ಕೂಡ 2019ರಲ್ಲಿ ಆ ನಿಯಮವನ್ನು ತೆಗೆಯಿತು.

ಬೀಗದ_ಕೈ
ಆಡಿಟರ್ ಬಂದಾಗ ಅವರಿಗೆ ನೀವೇ ಹೇಳಿ.

ಸೋಮವಾರದ_ಸಂಕಟ
ನನ್ನ ಸಮಸ್ಯೆಗೆ ಯಾರಾದರೂ ಬರುತ್ತೀರಾ? ಕ್ಯಾಂಟೀನ್ ಆ್ಯಪ್ ಅದೇ ಸರ್ವರಿನಲ್ಲಿದೆ, ಅದೇ ಪಾಸ್‌ವರ್ಡ್. ಅಲ್ಲಿ ಎಲ್ಲರೂ ಆರಾಮವಾಗಿ ಊಟಕ್ಕೆ ಹೆಸರು ಬರೆಸುತ್ತಿದ್ದಾರೆ.

ಹಳೆಯ_ಸರ್ವರ್
ಇದನ್ನು ಮೊದಲೇ ಹೇಳಬಾರದಿತ್ತೇ! ಪಾಸ್‌ವರ್ಡ್ ಅಲ್ಲ, ಗಡಿಯಾರವೂ ಅಲ್ಲ. ಟೋಕನ್ ತಲೆಬರಹದಲ್ಲಿ ‘ಕಿಡ್’ ಎಂದು ಇರುತ್ತದೆ, ಯಾವ ಕೀಲಿಯಿಂದ ಸಹಿ ಬಿದ್ದಿದೆ ಎಂಬುದರ ಗುರುತು. ಎಂಟ್ರಾ ಪ್ರಕಟಿಸುವ ಸಾರ್ವಜನಿಕ ಕೀಲಿಗಳ ಪಟ್ಟಿಯನ್ನು ಬ್ರೌಸರಿನಲ್ಲಿ ತೆರೆದು ಅದೇ ಕಿಡ್ ಇದೆಯೇ ಹುಡುಕಿ.

ಸೋಮವಾರದ_ಸಂಕಟ
ಇಲ್ಲ. ಮೂರು ಸಲ ಹುಡುಕಿದೆ. ಕ್ಯಾಂಟೀನಿನ ಟೋಕನ್‌ನದು ಮಾತ್ರ ಪಟ್ಟಿಯಲ್ಲಿದೆ.

ಹಳೆಯ_ಸರ್ವರ್
ಹಾಗಾದರೆ ರಜೆ ಪೋರ್ಟಲ್‌ಗೆ ಸ್ವಂತ ಕೀಲಿ ಸೇರಿದೆ. ಶುಕ್ರವಾರ ಯಾರು ಕೈ ಹಾಕಿದರು?

ಸೋಮವಾರದ_ಸಂಕಟ
ಸಹೋದ್ಯೋಗಿಯನ್ನು ಈಗ ಕೇಳಿದೆ. ಟೋಕನ್‌ನಲ್ಲಿ ನೌಕರರ ಸಂಖ್ಯೆ ಬರಲೆಂದು ಕ್ಲೇಮ್ (ಟೋಕನ್‌ನೊಳಗಿನ ವಿವರ) ಮ್ಯಾಪಿಂಗ್ ಮಾಡಿದ್ದಾರಂತೆ. 50146 ಎಂಬ ದೋಷ ಬಂತಂತೆ, ಆ್ಯಪ್‌ಗೆ ತನ್ನದೇ ಸಹಿ ಕೀಲಿ ಬೇಕು ಎಂದು. ಎಲ್ಲೋ ಸಿಕ್ಕ ಪವರ್‌ಶೆಲ್ ಸ್ಕ್ರಿಪ್ಟ್ ಓಡಿಸಿ ಸಂಜೆ ಆರಕ್ಕೆ ಮನೆಗೆ ಹೋದರಂತೆ. ಅಷ್ಟು ಹೊತ್ತಿಗೆ ಕಚೇರಿ ಖಾಲಿ. ಇದು ‘ಬದಲಾವಣೆ’ ಎಂದು ಅವರಿಗೆ ಅನ್ನಿಸಲಿಲ್ಲವಂತೆ.

ಹಳೆಯ_ಸರ್ವರ್
ಆಯಿತು. ಈಗ ಸಹಿ ಬೀಳುತ್ತಿರುವುದು ಆ ಕೀಲಿಯಿಂದ, ನಿಮ್ಮ ಪೋರ್ಟಲ್ ನೋಡುತ್ತಿರುವುದು ಎಲ್ಲರಿಗೂ ಇರುವ ಪಟ್ಟಿ. ಪೋರ್ಟಲ್ ಆ ಪಟ್ಟಿಯನ್ನು ಹುಡುಕಿಕೊಳ್ಳುವ ಮೆಟಾಡೇಟಾ ವಿಳಾಸದ ಕೊನೆಗೆ ಪ್ರಶ್ನೆಚಿಹ್ನೆ ಹಾಕಿ, ಆ್ಯಪ್‌ಐಡಿ ಎಂದು ಬರೆದು, ಸಮಚಿಹ್ನೆಯ ಮುಂದೆ ಎಂಟ್ರಾದಲ್ಲಿ ನಿಮ್ಮ ಪೋರ್ಟಲ್‌ನ ಗುರುತಾದ ಕ್ಲೈಂಟ್ ಐಡಿ ಕೊಡಿ. ಆಗ ಆ ಆ್ಯಪ್‌ನ ಕೀಲಿಯಿರುವ ಪಟ್ಟಿ ಸಿಗುತ್ತದೆ.

ಬೀಗದ_ಕೈ
ಅಷ್ಟೆಲ್ಲ ಏಕೆ? ಎಂಟ್ರಾದಲ್ಲಿ ಆ್ಯಪ್‌ನ ಸೆಟ್ಟಿಂಗ್‌ಗಳಿರುವ ಮ್ಯಾನಿಫೆಸ್ಟ್‌ನಲ್ಲಿ ‘ಆ್ಯಕ್ಸೆಪ್ಟ್‌ಮ್ಯಾಪ್ಡ್‌ಕ್ಲೇಮ್ಸ್’ ಅನ್ನು ಟ್ರೂ ಮಾಡಿ, ಸ್ವಂತ ಕೀಲಿ ಕಿತ್ತುಹಾಕಿ.

ಹಳೆಯ_ಸರ್ವರ್
ಒಂದೇ ಟೆನೆಂಟಿನ, ಅಂದರೆ ಒಂದೇ ಸಂಸ್ಥೆಯ, ಆ್ಯಪ್ ಆದರೆ ಸರಿ. ಬಹು ಟೆನೆಂಟ್ ಆ್ಯಪ್‌ನಲ್ಲಿ ಹಾಗೆ ಮಾಡಿದರೆ ಹೊರಗಿನವರು ನಿಮ್ಮ ಆ್ಯಪ್‌ಗೆ ತಮಗೆ ಬೇಕಾದ ಕ್ಲೇಮ್ ತುರುಕಬಹುದು. ಮಾಡಲೇಬೇಡಿ.

ಬೀಗದ_ಕೈ
120 ಜನರ ರಜೆ ಪೋರ್ಟಲ್‌ಗೆ ಬಹು ಟೆನೆಂಟ್ ಎಲ್ಲಿಂದ ಬಂತು?

ಹಳೆಯ_ಸರ್ವರ್
ಅವರು ಎಂಟ್ರಾ ಎಂದು ಹೇಳುವುದಕ್ಕೇ ಇಷ್ಟು ಹೊತ್ತು ತೆಗೆದುಕೊಂಡರು. ಇನ್ನೇನು ಬಿಟ್ಟಿದ್ದಾರೋ.

ಸೋಮವಾರದ_ಸಂಕಟ
ವಿಳಾಸ ಬದಲಿಸಿದೆ, ಪೋರ್ಟಲ್ ತೆರೆಯಿತು! ಹಳೆಯ ಸರ್ವರ್ ಅವರಿಗೆ ನಮಸ್ಕಾರ. ಆದರೆ ನಮ್ಮ ಆಂಡ್ರಾಯ್ಡ್ ಆ್ಯಪ್‌ನಲ್ಲಿ ಈಗಲೂ 401.

ಹಳೆಯ_ಸರ್ವರ್
ಆಂಡ್ರಾಯ್ಡ್ ಆ್ಯಪ್ ಒಂದಿದೆ ಎಂದು ಈಗ ಹೇಳುತ್ತಿದ್ದೀರಿ. ಅದರ ಹಿಂದೆ ಓಡುವ ಸರ್ವರ್ ಪ್ರೋಗ್ರಾಂ, ಅಂದರೆ ಎಪಿಐ, ಸಹಿ ಕೀಲಿಯನ್ನು ಎಲ್ಲಿಂದ ಓದುತ್ತದೆ?

ಸೋಮವಾರದ_ಸಂಕಟ
ಕೋಡ್‌ನಲ್ಲೇ ಬರೆದಿಟ್ಟಿದೆ. ಹಿಂದಿನವರು ಮಾಡಿ ಹೋದದ್ದು. ನಾಳೆ ನೋಡುತ್ತೇನೆ. ಈಗ ರೀಸೆಟ್ ಆದ 120 ಜನರಿಗೆ ತಾತ್ಕಾಲಿಕ ಪಾಸ್‌ವರ್ಡ್ ತಿಳಿಸಬೇಕು, ಫೋನ್ ನಿಲ್ಲುತ್ತಲೇ ಇಲ್ಲ.

ಎನ್‌ಟಿಪಿ_ಭಟ್ಟ
ಎಪಿಐ ಬೇರೆ ಸರ್ವರಿನಲ್ಲಿದೆಯೇ? ಅದರ ಗಡಿಯಾರ ನೋಡಿದಿರಾ?